ಒಡಕು ಹಿಡಿಯುವ ಕಿವಿ

ನಮ್ಮ ಟಿಣ್ಣಕ್ಕ ಕಳೆದ ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ಹೃದಯ ನಿಂತಿತ್ತು ಎಂದರು. ವಯಸ್ಸು ಐವತ್ತೇಳು. ಆ ಹೊತ್ತಿಗೆ ಮನೆಯಲ್ಲಿ ಅವಳನ್ನೂ ಅವಳ ಒಂದು ವರ್ಷ ಎಂಟು ತಿಂಗಳಿನ ಮೊಮ್ಮಗನನ್ನೂ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಟಿಣ್ಣಕ್ಕ ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಭಟ್ಟಿಯಿಂದ ಹೊರಬಂದು ಆರಿದ ಕಪ್‌ಗಳನ್ನು ಒಂದೊಂದಾಗಿ ಎಡಗೈಯ ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿಕೊಂಡು, ಬಲಗೈಯ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿ ಕೇಳುವುದು. ಗಟ್ಟಿ ಕಪ್ 'ಟಿಣ್' ಎನ್ನುತ್ತದೆ, ಆ ದನಿ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಒಡಕಿದ್ದರೂ 'ತಟ್' ಎಂದು ಅಲ್ಲೇ ಸತ್ತುಹೋಗುತ್ತದೆ. ಟಿಣ್ ಎಂದದ್ದು ಎಡಗಡೆಯ ಹಲಗೆಗೆ, ತಟ್ ಎಂದದ್ದು ಕಾಲ ಬುಡದ ಬುಟ್ಟಿಗೆ. ಬುಟ್ಟಿಗೆ ಅವಳು ಹಾಕಿದ್ದನ್ನು ಮೇಸ್ತ್ರಿ ಎತ್ತಿ ನೋಡುತ್ತಲೂ ಇರಲಿಲ್ಲ. "ಅಕ್ಕ ಹಾಕಿದ್ರೆ ಮುಗೀತು" ಎನ್ನುತ್ತಿದ್ದ.

ಆ ಕೋಣೆಯಲ್ಲಿ ಮಾತಿಲ್ಲ. ಬಾಗಿಲಿಗೆ ಕಂಬಳಿ ಬಟ್ಟೆ ಹೊಡೆದಿದ್ದಾರೆ, ಕಿಟಕಿ ತೆರೆಯುವಂತಿಲ್ಲ, ಕೆಮ್ಮು ಬಂದರೆ ಹೊರಗೆ ಹೋಗಬೇಕು. ಎದುರುಬದುರು ಎರಡು ಮೇಜು. ಒಂದರಲ್ಲಿ ಟಿಣ್ಣಕ್ಕ, ಇನ್ನೊಂದರಲ್ಲಿ ಅವಳ ಗೆಳತಿ. ಊಟದ ಬಿಡುವಿನಲ್ಲಿ ಯಾವಾಗಲೂ ಏನಾದರೂ ಓದುತ್ತ ಕೂರುತ್ತಾಳೆಂದು ಆ ಗೆಳತಿಗೆ ಪುಸ್ತಕ ಎಂದೇ ಹೆಸರು ಬಿದ್ದಿತ್ತು. ಇಬ್ಬರೂ ಏಳು ತಾಸು ಮುಖಾಮುಖಿ ಕುಳಿತು ಬೆರಳು, ಹುಬ್ಬು, ತುಟಿಗಳಲ್ಲೇ ಸಂಸಾರದ ಕಥೆಯೆಲ್ಲ ಹೇಳಿಕೊಳ್ಳುತ್ತಿದ್ದರು. ಇಬ್ಬರ ಮೇಜಿನ ಮೂಲೆಯಲ್ಲೂ ಒಂದೊಂದು ಹಳೆಯ ಕಪ್. ಕೆಲಸಕ್ಕೆ ಸೇರಿದಾಗ ತಾವಾಗಿ ಹಿಡಿದ ಮೊದಲ ಒಡಕು ಅದು. ಅದನ್ನು ಎಸೆಯುವುದಿಲ್ಲ. ದಿನಾ ಬೆಳಿಗ್ಗೆ ಮೊದಲು ಅದಕ್ಕೆ ಒಂದು ಸಲ ತಟ್ಟಿ, ಕೆಟ್ಟ ದನಿ ಹೇಗಿರುತ್ತದೆಂದು ಕಿವಿಗೆ ನೆನಪು ಮಾಡಿಕೊಟ್ಟು, ಆಮೇಲೆ ಹೊಸ ಕಪ್‌ಗಳಿಗೆ ಕೈ ಹಚ್ಚುವುದು ಅಲ್ಲಿಯ ಪದ್ಧತಿ.

ಮೊಮ್ಮಗನ ಹೆಸರು ಡುಮ್ಮ. ಕಡ್ಡಿಯಂತಿರುವವನಿಗೆ ಡುಮ್ಮ ಎಂದು ಕರೆದದ್ದು ಅವನ ಅಜ್ಜಿಯೇ. "ಹೆಸರಾದ್ರೂ ದಪ್ಪ ಇರ್ಲಿ" ಎಂದಿದ್ದಳು. ಅಳಿಯ ದೂರದಲ್ಲಿ ಕಟ್ಟಡದ ಕೆಲಸ, ಎರಡು ತಿಂಗಳಿಗೊಮ್ಮೆ ಬರುತ್ತಾನೆ. ಮಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಧ್ಯಾಹ್ನ ಎರಡರಿಂದ ಕೆಲಸ. ಟಿಣ್ಣಕ್ಕನದು ಬೆಳಿಗ್ಗೆ ಆರರಿಂದ ಒಂದರವರೆಗೆ. ಒಂದೂವರೆಗೆ ಬಾಗಿಲಲ್ಲೇ ಮಗು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ದಾಟುತ್ತಿತ್ತು. ಮಧ್ಯಾಹ್ನದ ನಿದ್ದೆ, ರಾತ್ರಿ ಎಂಟರ ನಿದ್ದೆ, ಎರಡೂ ಅಜ್ಜಿಯ ಪಾಲು.

ಡುಮ್ಮನಿಗೆ ಹತ್ತು ತಿಂಗಳಾದಾಗ ಅದು ಶುರುವಾಯಿತು. ಸುತ್ತ ಮರದ ಕಂಬಿಗಳಿರುವ ಮಂಚದಲ್ಲಿ ಮಲಗಿಸಿದ ಐದು ನಿಮಿಷಕ್ಕೆ ಎದ್ದು ಮಂಡಿಯೂರುತ್ತಿದ್ದ. ಎರಡು ಕೈ ಊರಿ, ಹಿಂದಕ್ಕೆ ಮುಂದಕ್ಕೆ ತೂಗುತ್ತ, ತಲೆದಿಕ್ಕಿನ ಹಲಗೆಗೆ ಹಣೆ ಹೊಡೆದುಕೊಳ್ಳುತ್ತಿದ್ದ. ಅಳುವಿಲ್ಲ, ಹಟವಿಲ್ಲ, ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಟಕ್, ಟಕ್, ಟಕ್. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಕೆಲವು ದಿನ ನಲವತ್ತು. ಆಮೇಲೆ ಯಾರೋ ಗುಂಡಿ ಒತ್ತಿ ನಿಲ್ಲಿಸಿದ ಹಾಗೆ ಪಕ್ಕಕ್ಕೆ ಒರಗಿ ನಿದ್ದೆ ಹೋಗುತ್ತಿದ್ದ. ಎದ್ದಾಗ ನಗುತ್ತಲೇ ಏಳುತ್ತಿದ್ದ, ಹಣೆಯ ನಡುವೆ ಬಟಾಣಿಯಷ್ಟು ಗಂಟು.

ಮಾಡದ ಉಪಾಯವಿಲ್ಲ. ಬಿಸಿನೀರಿನ ಸ್ನಾನ, ಹಾಡು, ಬೆನ್ನು ಸವರುವುದು, ಕೋಣೆ ಕತ್ತಲು ಮಾಡುವುದು. ಮಂಚವನ್ನು ಗೋಡೆಯಿಂದ ದೂರ ಎಳೆದರೆ ಅವನು ಹೊಡೆದ ರಭಸಕ್ಕೆ ಅದು ಮೊಂಡು ಕತ್ತೆಯ ಹಾಗೆ ಗೇಣುಗೇಣಾಗಿ ನಡೆದು ಮತ್ತೆ ಗೋಡೆಗೇ ಬಂದು ನಿಲ್ಲುತ್ತಿತ್ತು. ನೆಲದ ಮೇಲೆ ಹಾಸಿದರೆ ತೆವಳಿ ಹೋಗಿ ಗೋಡೆ ಹುಡುಕುತ್ತಿದ್ದ. ಮೆತ್ತನೆಯದು ಅಡ್ಡ ಇಟ್ಟರೆ ಅದನ್ನು ಕಿತ್ತು ಬಿಸಾಡಿ ಗಟ್ಟಿ ಜಾಗಕ್ಕೇ ಹೋಗುತ್ತಿದ್ದ.

ಕೊನೆಗೆ ಟಿಣ್ಣಕ್ಕ ತನ್ನ ಕೈಯನ್ನೇ ಇಟ್ಟಳು. ಮಂಚದ ಪಕ್ಕ ನೆಲದ ಮೇಲೆ ಕುಳಿತು, ಕಂಬಿಗಳ ನಡುವೆ ಎಡಗೈ ತೂರಿಸಿ, ಹಲಗೆಗೆ ಬೆರಳ ಗೆಣ್ಣು ತಾಗುವಂತೆ ಅಂಗೈ ಅವನ ಕಡೆ ಮಾಡಿ ಹಿಡಿಯುತ್ತಿದ್ದಳು. ಕೈಯನ್ನು ಅವನು ತಳ್ಳಲಿಲ್ಲ. ಅದಕ್ಕೇ ಹೊಡೆದುಕೊಂಡು ಮಲಗುತ್ತಿದ್ದ. ಎಡಗೈಯೇ ಏಕೆಂದರೆ ಬಲಗೈ ಕಡ್ಡಿ ಹಿಡಿಯುವ ಕೈ, ಅನ್ನ ಕೊಡುವ ಕೈ.

ಬೆಳಿಗ್ಗೆ ಮೇಜಿಗೆ ಕುಳಿತ ತಕ್ಷಣ ಪುಸ್ತಕ ಹುಬ್ಬು ಎತ್ತಿ ಕೇಳುತ್ತಿದ್ದಳು. ಟಿಣ್ಣಕ್ಕ ಬೆರಳು ತೋರಿಸುತ್ತಿದ್ದಳು. ಮೂರು ಬೆರಳೆಂದರೆ ಮೂವತ್ತು ನಿಮಿಷ. ನಾಲ್ಕು ತೋರಿಸಿದ ದಿನ ಇಬ್ಬರೂ ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಗೋಡೆಯಾಚೆಯ ಮನೆಯಲ್ಲಿ ಒಬ್ಬ ಟೈಲರ್ ಇದ್ದ. ಮನೆಯಲ್ಲೇ ಮಷೀನು ಇಟ್ಟುಕೊಂಡವನು, ಒಂಟಿ ಜೀವ. ಟಿಣ್ಣಕ್ಕ ಕೈ ಇಡಲು ಶುರುಮಾಡುವ ಮೊದಲೇ ಒಂದು ದಿನ ಬಾಗಿಲಿಗೆ ಬಂದು ನಿಂತಿದ್ದ.

"ಅಲ್ಲಮ್ಮಾ, ದಿನಾ ಎರಡು ಹೊತ್ತೂ ಗೋಡೆಗೆ ಮೊಳೆ ಹೊಡೀತೀರಲ್ಲ, ಅಷ್ಟೊಂದು ಏನು ನೇತು ಹಾಕ್ತೀರಾ?"

"ನನ್ನ ಹಣೆಬರಹ ನೇತು ಹಾಕ್ತಿದೀನಿ. ಬಂದು ನೋಡಿ."

ಟೈಲರ್ ಒಳಗೆ ಬಂದು ನೋಡಿದ. ಹೋಗುವಾಗ, "ನನ್ನ ಮಷೀನಿನ ಸದ್ದು ಅದಕ್ಕೇನಾದ್ರೂ ತೊಂದ್ರೆ ಮಾಡ್ತಿದ್ಯಾ? ಎರಡರಿಂದ ಮೂರು ನಿಲ್ಲಿಸ್ತೀನಿ" ಎಂದ. ನಿಲ್ಲಿಸಿದ ಕೂಡ. ಟಕ್‌ಟಕ್ ನಿಲ್ಲಲಿಲ್ಲ.

ಮಗುವಿಗೆ ಒಂದೂಕಾಲು ವರ್ಷವಾದಾಗ ಒಂದು ಮಧ್ಯಾಹ್ನ ಟಿಣ್ಣಕ್ಕ ಅಡುಗೆಮನೆಯಲ್ಲಿ ಹಾಲಿನ ಬಾಟಲಿ ತೊಳೆಯುತ್ತಿದ್ದಳು. ಆವತ್ತು ಇನ್ನೂ ಕೈ ಇಟ್ಟಿರಲಿಲ್ಲ. ಕೋಣೆಯಿಂದ ಬರುತ್ತಿದ್ದ ಟಕ್, ಟಕ್ ಇದ್ದಕ್ಕಿದ್ದಂತೆ ತಟ್ ಎಂದಿತು. ಮತ್ತೆ ತಟ್. ಇಪ್ಪತ್ತಾರು ವರ್ಷದಲ್ಲಿ ಆ ದನಿಗೆ ಅವಳಿಗಿದ್ದ ಅರ್ಥ ಒಂದೇ. ಬಾಟಲಿ ಅಲ್ಲೇ ಬಿಟ್ಟು, ಮಗುವನ್ನು ಬಾಚಿಕೊಂಡು, ಒಂದು ಕಾಲಿಗೆ ತನ್ನ ಚಪ್ಪಲಿ ಇನ್ನೊಂದಕ್ಕೆ ಮಗಳದು ಮೆಟ್ಟಿಕೊಂಡು ಓಡಿದಳು.

"ತಲೆ ಒಡಕು ಬಿಟ್ಟಿದೆ, ಡಾಕ್ಟ್ರೇ. ನಾನೇ ಕೇಳ್ದೆ."

ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಮಗುವಿನ ತಲೆ ಎರಡೂ ಕೈಯಲ್ಲಿ ಹಿಡಿದು ನೋಡಿದರು, ಕಣ್ಣಿಗೆ ದೀಪ ಬಿಟ್ಟರು, ನಡೆಸಿದರು, ಚೆಂಡು ಎಸೆದರು. ಡುಮ್ಮ ಚೆಂಡು ಹಿಡಿದು ವಾಪಸು ಅವರ ಮೂಗಿಗೆ ಎಸೆದ.

"ಅಜ್ಜಿ, ಮಂಚದ ಹಲಗೆ ನೋಡಿದ್ರಾ?"

ಅವಳು ನೋಡಿರಲಿಲ್ಲ. ಲೆಕ್ಕವಿಲ್ಲದಷ್ಟು ಕಪ್ ತಟ್ಟಿ ನೋಡಿದವಳಿಗೆ ಹಲಗೆ ತಟ್ಟಿ ನೋಡಬೇಕೆಂದು ಹೊಳೆದಿರಲಿಲ್ಲ. ಮನೆಗೆ ಬಂದು ನೋಡಿದರೆ ಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಮರುದಿನ ಊಟದ ಬಿಡುವಿನಲ್ಲಿ ಈ ಕಥೆ ಕೇಳಿ ಪುಸ್ತಕ ಅನ್ನ ನೆತ್ತಿಗೇರುವಷ್ಟು ನಕ್ಕಳು. ಟಿಣ್ಣಕ್ಕ ನಗಲಿಲ್ಲ.

ಆವತ್ತು ಡಾಕ್ಟರು ಸಾವಕಾಶವಾಗಿ ಎಲ್ಲ ಹೇಳಿದ್ದರು. ಎಷ್ಟೋ ಮಕ್ಕಳು ಹೀಗೆ ಮಾಡುತ್ತವೆ, ತಮ್ಮನ್ನು ತಾವೇ ತೂಗಿಕೊಂಡು ಮಲಗುವ ರೀತಿ ಇದು. ತಲೆಗೆ ಪೆಟ್ಟಾಗುವಷ್ಟು ಜೋರಾಗಿ ಸಾಮಾನ್ಯವಾಗಿ ಹೊಡೆದುಕೊಳ್ಳುವುದಿಲ್ಲ. ಮೂರು ನಾಲ್ಕು ವರ್ಷಕ್ಕೆ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಮಂಚದ ಬೋಲ್ಟು ವಾರಕ್ಕೊಮ್ಮೆ ಬಿಗಿ ಮಾಡಿ. ಒಳಗೆ ದಿಂಬು ಗಿಂಬು ಇಡಬೇಡಿ, ಉಸಿರು ಕಟ್ಟುತ್ತದೆ. ಬೈಯಬೇಡಿ. ಹಗಲಲ್ಲಿ ಆಡುವಾಗಲೂ ಹೀಗೆ ಮಾಡಿದರೆ, ಕಲಿತ ಮಾತು ಮರೆತರೆ ಕರೆದುಕೊಂಡು ಬನ್ನಿ.

"ಇನ್ನೊಂದು, ಅಡ್ಡ ಇಡ್ತೀನಿ ಅಂದ್ರಲ್ಲ, ಆ ಕೈ ತೆಗೀರಿ ಅಜ್ಜಿ. ಹೊಡ್ಕೊಂಡ್ರೆ ಅಜ್ಜಿ ಕೈ ಬರುತ್ತೆ ಅಂತ ಅವನಿಗೆ ಗೊತ್ತಾಗಿಬಿಟ್ಟಿದೆ. ನಿಮ್ಮ ಕೈ ನೋಡ್ಕೊಂಡಿದೀರಾ?"

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಗೆಣ್ಣುಗಳು ಊದಿ ನೀಲಿಗಟ್ಟಿದ್ದವು.

ಬಡಗಿ ಹೊಸ ಹಲಗೆ ಕೂರಿಸಿದ. ಟಿಣ್ಣಕ್ಕ ಅದನ್ನು ಈ ತುದಿಯಿಂದ ಆ ತುದಿಯವರೆಗೆ ಗೆಣ್ಣಿನಿಂದ ತಟ್ಟಿ ಕೇಳಿದಳು. ಗಟ್ಟಿ ಮರ, ಒಂದೇ ದನಿ. ಸಂಜೆ ಡುಮ್ಮ ಅದಕ್ಕೆ ಹಣೆ ಹೊಡೆದ. ಟಕ್. ಆ ಟಕ್‌ನ ಬಾಲದಲ್ಲಿ, ಬೇರೆ ಯಾರಿಗೂ ಕೇಳದಷ್ಟು ಸಣ್ಣಗೆ, ಅದೇ ತಟ್ ಇತ್ತು. ಹಲಗೆ ಗಟ್ಟಿ. ಹಾಗಾದರೆ ಒಡಕು ಎಲ್ಲಿ?

ಅವಳು ಮತ್ತೆ ಕೈ ಇಟ್ಟಳು.

ಮಗಳಿಗೆ ತಿಳಿದಾಗ ಜಗಳವಾಯಿತು. ಬಿಡುವಿನ ದಿನ ಅದು, ಡುಮ್ಮ ಇಬ್ಬರ ನಡುವೆ ಚಮಚ ಹಿಡಿದು ಕುಳಿತಿದ್ದ.

"ಡಾಕ್ಟ್ರು ಬೇಡ ಅಂದ್ರು ಅಲ್ವಾಮ್ಮ? ನೀನೇ ಅಭ್ಯಾಸ ಮಾಡಿಸ್ತಿದೀಯ!"

"ಹೊಡ್ಕೊಳ್ಳೋದನ್ನ ನೋಡ್ತಾ ಕೂರು ಅಂತೀಯಾ?"

"ನೋಡ್ಬೇಡ. ಆಚೆ ಬಾ, ಬಾಗಿಲು ಎಳ್ಕೋ. ನಾನಿಲ್ವಾ? ನಾನು ಎದೆ ಗಟ್ಟಿ ಮಾಡ್ಕೊಂಡು ಅವನನ್ನ ಬಿಟ್ಟು ದಿನಾ ಕೆಲಸಕ್ಕೆ ಹೋಗಲ್ವಾ? ನಾನು ಬಿಟ್ಟು ಹೋಗ್ತೀನಿ ಅಂತಾನೇ ಹೀಗಾಯ್ತು ಅಂತ ನಿನ್ನ ಮನಸ್ಸಲ್ಲಿದೆ, ಹೇಳಿಬಿಡು."

ಟಿಣ್ಣಕ್ಕನ ಮನಸ್ಸಿನಲ್ಲಿದ್ದದ್ದು ಅದಲ್ಲ. ಹಸುಗೂಸಾಗಿದ್ದಾಗ ಅವನನ್ನು ಮಲಗಿಸಲು ಅವಳು ಮಂಚದ ಅಂಚಿಗೆ ಬೆರಳಿನಿಂದ ತಟ್ಟುತ್ತಿದ್ದಳು. ಬೇರೆ ಜೋಗುಳ ಅವಳಿಗೆ ಬರುತ್ತಿರಲಿಲ್ಲ. ಕಪ್ ತಟ್ಟುವ ಅದೇ ಲಯ. ಈಗ ಅವನು ಹೊಡೆದುಕೊಳ್ಳುತ್ತಿದ್ದದ್ದೂ ಅದೇ ಲಯದಲ್ಲಿ. ತಾನೇ ಕಲಿಸಿದೆ ಎಂದು ಅವಳು ನಂಬಿದ್ದಳು. ಅದನ್ನು ಮಗಳಿಗೆ ಹೇಳಲು ಬಾಯಿ ಬರಲಿಲ್ಲ.

ಪುಸ್ತಕಕ್ಕೆ ಅದನ್ನೂ ಹೇಳಿದಳು, ಇನ್ನೊಂದನ್ನೂ ಹೇಳಿದಳು. ಕಾರ್ಖಾನೆಯ ಹಿಂದೆ, ಒಡೆದ ಪಿಂಗಾಣಿಯ ಗುಡ್ಡೆಯ ಪಕ್ಕ, ಇಬ್ಬರೂ ಡಬ್ಬಿ ಬಿಚ್ಚಿ ಕುಳಿತಿದ್ದಾಗ.

"ಏನೇ ಪುಸ್ತಕ, ಒಂದು ಹೇಳ್ತೀನಿ, ನಗಬಾರ್ದು. ಮಗುವಿನ ತಲೇಲಿ ಒಡಕಿದೆ."

"ಡಾಕ್ಟ್ರು ನೋಡಿದ್ರಲ್ಲ."

"ಡಾಕ್ಟ್ರು ಕಣ್ಣಲ್ಲಿ ನೋಡಿದ್ರು. ಕಣ್ಣಿಗೆ ಕಾಣೋ ಹಾಗಿದ್ರೆ ನಮಗ್ಯಾಕೆ ಸಂಬಳ ಕೊಡ್ತಿದ್ರು?"

"ಅವನ ತಲೆ ಪಿಂಗಾಣಿನೇನೇ? ಮಾಂಸ ಇದೆ, ಕೂದಲಿದೆ. ಅದು ಟಿಣ್ ಅನ್ನುತ್ತಾ?"

"ಅನ್ನಲ್ಲ. ನಂಗೂ ಗೊತ್ತು." ಅವಳು ಡಬ್ಬಿಯ ಮುಚ್ಚಳ ಹಾಕಿದಳು, ಅನ್ನ ಹಾಗೇ ಇತ್ತು. "ಗೊತ್ತಿದ್ದೂ ಕೇಳುತ್ತೆ. ನಾನೇನ್ ಮಾಡ್ಲಿ?"

ಎರಡು ತಿಂಗಳು ಕಳೆಯುವಷ್ಟರಲ್ಲಿ ಅವಳ ಕಾಲ ಬುಡದ ಬುಟ್ಟಿ ಬೇಗ ಬೇಗ ತುಂಬತೊಡಗಿತು. ದಿನಕ್ಕೆ ಮೂವತ್ತು ನಲವತ್ತು ಬೀಳುತ್ತಿದ್ದ ಕಡೆ ಮುನ್ನೂರು ಬಿದ್ದವು. ಭಟ್ಟಿಯವರು ಬೈಸಿಕೊಂಡರು. ಮಣ್ಣು ಕಲಸುವವರು ಬೈಸಿಕೊಂಡರು. ಕೊನೆಗೆ ಮೇಸ್ತ್ರಿ ಮೊದಲ ಸಲ ಬುಟ್ಟಿ ಎತ್ತಿಕೊಂಡು ಹೋಗಿ ತಾನೇ ತಟ್ಟಿ ನೋಡಿದ. ಅರ್ಧಕ್ಕಿಂತ ಹೆಚ್ಚು ಗಟ್ಟಿ ಕಪ್‌ಗಳು. ಅವನು ಅವಳನ್ನು ಹೊರಗೆ ಕರೆದು, ಮುಖ ನೋಡದೆ ಹೇಳಿದ.

"ಅಕ್ಕ, ಸ್ವಲ್ಪ ದಿನ ಪ್ಯಾಕಿಂಗಿಗೆ ಹೋಗಿ. ಸಂಬಳ ಅದೇ ಇರುತ್ತೆ. ಕಿವಿಗೆ ರೆಸ್ಟು ಕೊಡಿ."

ಇಪ್ಪತ್ತಾರು ವರ್ಷದ ಕಿವಿ. ಅವಳು ಹುಲ್ಲು ತುಂಬಿದ ಪೆಟ್ಟಿಗೆಗಳ ಮುಂದೆ ಹೋಗಿ ಕುಳಿತದ್ದನ್ನು ನೋಡಲಾರದೆ ಪುಸ್ತಕ ನಾಲ್ಕು ದಿನ ಆ ಕಡೆ ಸುಳಿಯಲಿಲ್ಲ. ಐದನೆಯ ದಿನ ಧೈರ್ಯ ಮಾಡಿ ಹೋದರೆ ಟಿಣ್ಣಕ್ಕ ಹುಲ್ಲು ಸುತ್ತುತ್ತ ಗುನುಗುತ್ತಿದ್ದಳು. ಮುಖ ತಿಳಿಯಾಗಿತ್ತು.

"ಕಿವಿ ಹೋಯ್ತು ಕಣೇ," ಎಂದಳು, ಮಗಳಿಗೆ ಗಂಡು ಗೊತ್ತಾಯಿತು ಎಂದು ಹೇಳುವವಳ ಹಾಗೆ. "ಗಟ್ಟಿ ಕಪ್ಪನ್ನೂ ಒಡಕು ಅಂದಿದೀನಿ. ಹಾಗಿದ್ಮೇಲೆ ಮಗುವಿಂದೂ ಸುಳ್ಳೇ ತಾನೇ? ಒಡಕು ನನ್ನ ಕಿವೀಲಿ. ಅವನು ಗಟ್ಟಿಯಾಗಿದಾನೆ."

ಆವತ್ತಿನಿಂದ ಅವಳು ಡಾಕ್ಟರ ಮಾತು ಅಕ್ಷರಶಃ ಪಾಲಿಸಿದಳು. ಡುಮ್ಮನನ್ನು ಮಲಗಿಸಿ, ಬೆನ್ನಿಗೆ ಎರಡು ಸಲ ಸವರಿ, ಬಾಗಿಲು ಎಳೆದುಕೊಂಡು, ಹೊರಗೆ ಅಡುಗೆಮನೆಯ ಹೊಸ್ತಿಲಲ್ಲಿ ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು. ಕೈ ತಾನಾಗಿ ಎದ್ದು ಹೋಗಿಬಿಡಬಾರದೆಂದು. ಮೊದಲ ವಾರ ನಲವತ್ತು ನಿಮಿಷ. ಹದಿನೈದನೆಯ ದಿನ ಇಪ್ಪತ್ತೈದು. ಪ್ಯಾಕಿಂಗಿನ ಕಿಟಕಿಯಿಂದ ಅವಳು ಬೆರಳು ತೋರಿಸುತ್ತಿದ್ದಳು, ಪುಸ್ತಕ ಅಂಗಳದ ಆಚೆಯಿಂದ ಎಣಿಸುತ್ತಿದ್ದಳು. ಒಂದು ಬೆಳಿಗ್ಗೆ ಒಂದೂವರೆ ಬೆರಳು ಬಂತು. ಹದಿನೈದು ನಿಮಿಷ. ಕೈಯ ಊತವೂ ಇಳಿದಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

ಪುಸ್ತಕದ ಎಡಗೈಯ ಬೆರಳಿಗೆ ಒಲೆಯ ಬಿಸಿ ತಾಗಿ ಬೊಬ್ಬೆ ಎದ್ದಿತ್ತು. ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಕುಳಿತಳು. ತುದಿ ಬೆರಳಲ್ಲಿ ನಿಲ್ಲಿಸಲಾಗದೆ ಕಪ್ಪನ್ನು ಅಂಗೈಯಲ್ಲೇ ಹಿಡಿದು ತಟ್ಟಿದಳು. ತಟ್. ಬುಟ್ಟಿಗೆ ಹಾಕಲು ಹೋದವಳು ಏನೋ ತೋಚಿ, ಅದನ್ನೇ ಬಲಗೈಯ ತುದಿ ಬೆರಳ ಮೇಲೆ ನಿಲ್ಲಿಸಿ ಇನ್ನೊಮ್ಮೆ ತಟ್ಟಿದಳು. ಟಿಣ್.

ಅವಳಿಗೆ ಆಗ ಅರ್ಥವಾಯಿತು. ಟಿಣ್ಣಕ್ಕನ ಕಿವಿಗೆ ಏನೂ ಆಗಿರಲಿಲ್ಲ. ಗೆಣ್ಣು ಊದಿ, ಬೆರಳ ತುದಿಯಲ್ಲಿ ನಿಲ್ಲಿಸಲಾಗದೆ ಅವಳು ಕಪ್ಪನ್ನು ಅಂಗೈಯಲ್ಲಿ ಅದುಮಿ ಹಿಡಿಯುತ್ತಿದ್ದಳು. ದನಿಯನ್ನು ಕೈಯೇ ನುಂಗುತ್ತಿತ್ತು. ಎರಡು ತಿಂಗಳು ಎದುರಿಗೇ ಕುಳಿತು, ದಿನಾ ಆ ಕೈಯನ್ನೇ ನೋಡುತ್ತ ಪುಸ್ತಕಕ್ಕೆ ಅದು ಹೊಳೆದಿರಲಿಲ್ಲ. ನಾಚಿಕೆಯೂ ಖುಷಿಯೂ ಒಟ್ಟಿಗೆ ಉಕ್ಕಿ ಅವಳು ಬೊಬ್ಬೆಯ ಬೆರಳು ಎತ್ತಿಕೊಂಡೇ ಮೇಸ್ತ್ರಿಯ ಬಳಿ ಓಡಿದಳು.

ಮಂಗಳವಾರ ಬೆಳಿಗ್ಗೆ ಪರೀಕ್ಷೆ. ಮೇಸ್ತ್ರಿ ನೂರು ಕಪ್ ಸಾಲಾಗಿ ಇಡಿಸಿದ್ದ. ಒಳಗೆ ಹನ್ನೊಂದು ಒಡಕು ಬೆರೆಸಿದ್ದ, ಎಷ್ಟೆಂದು ಯಾರಿಗೂ ಹೇಳಿರಲಿಲ್ಲ. ಟಿಣ್ಣಕ್ಕ ಹಳೆಯ ಮೇಜಿಗೆ ಬಂದು ಕುಳಿತಳು. ಮೂಲೆಯಲ್ಲಿದ್ದ ಅವಳ ಕಪ್ಪನ್ನು ಪುಸ್ತಕ ಯಾರಿಗೂ ತೆಗೆಯಲು ಬಿಟ್ಟಿರಲಿಲ್ಲ. ಅದಕ್ಕೆ ಮೊದಲು ತಟ್ಟಿದಳು. ಆಮೇಲೆ ಒಂದೊಂದಾಗಿ ನೂರು. ಬುಟ್ಟಿಗೆ ಬಿದ್ದದ್ದು ಹನ್ನೊಂದು.

ಮೇಸ್ತ್ರಿ ಆ ಕೋಣೆಯ ನಿಯಮ ಮರೆತು ಚಪ್ಪಾಳೆ ತಟ್ಟಿಬಿಟ್ಟ. "ಕಿವಿ ಎಲ್ಲಿಗೆ ಹೋಗುತ್ತೆ ಅಕ್ಕ! ಹೋಗಿದ್ದು ಕೈ! ನಾಳೆಯಿಂದ ನಿಮ್ಮ ಜಾಗ ನಿಮಗೆ."

ಬಾಗಿಲಲ್ಲಿ ನಿಂತಿದ್ದವರೆಲ್ಲ ನಕ್ಕರು. ಪುಸ್ತಕ ಎದುರಿನ ಮೇಜಿನಿಂದ ಅವಳ ಮುಖ ನೋಡಿದಳು. ಆ ಮುಖದಲ್ಲಿ ನಗು ಇರಲಿಲ್ಲ. ಅವಳು ಕಡ್ಡಿಯನ್ನು ಮೇಜಿನ ಮೇಲೆ ಇಟ್ಟು, ಅದು ಉರುಳದಂತೆ ಬೆರಳಿನಿಂದ ಒತ್ತಿ ಹಿಡಿದಿದ್ದಳು. ಪುಸ್ತಕಕ್ಕೆ ಆಗಲೂ ಹೊಳೆಯಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡಳು.

ಒಂದು ಗಂಟೆಗೆ ಇಬ್ಬರೂ ಬಸ್‌ಸ್ಟಾಪಿಗೆ ನಡೆದರು.

"ಒಳ್ಳೇದು ಮಾಡಿದೆ ಕಣೇ," ಎಂದಳು ಟಿಣ್ಣಕ್ಕ. ಸ್ವಲ್ಪ ದೂರ ನಡೆದ ಮೇಲೆ, "ಕೈ ಅಡ್ಡ ಇದ್ರೆ ದನಿ ಕೆಡುತ್ತೆ, ಸರಿ. ಆದ್ರೆ ಹಲಗೆ ಹೊಸದು ಹಾಕಿದ ದಿನ ನಾನು ಕಪ್ ಹಿಡ್ಕೊಂಡಿರ್ಲಿಲ್ಲ. ಬರೀ ಕಿವೀಲಿ ಕೇಳ್ದೆ. ಹಾಗಾದ್ರೆ ನಾನು ಕೇಳಿದ್ದು..."

ಬಸ್ಸು ಬಂತು. ಟಿಣ್ಣಕ್ಕ ಹತ್ತಿದಳು. "ಕಪ್ಪೇ ಬೇರೆ, ತಲೆಯೇ ಬೇರೆ! ಹುಚ್ಚುಚ್ಚಾಗಿ ಯೋಚ್ನೆ ಮಾಡ್ಬೇಡ!" ಎಂದು ಪುಸ್ತಕ ಕೆಳಗಿನಿಂದ ಕೂಗಿದಳು. ಬಾಗಿಲು ಮುಚ್ಚಿಕೊಂಡಿತ್ತು. ಕೇಳಿಸಿತೋ ಇಲ್ಲವೋ. ಕಿಟಕಿಯಲ್ಲಿ ಕಂಡದ್ದು ಅವಳ ತಲೆಯ ಹಿಂಭಾಗ ಮಾತ್ರ.

ಆಮೇಲಿನದನ್ನು ಮಗಳೂ ಟೈಲರನೂ ಹೇಳಿದರು. ಒಂದೂವರೆಗೆ ಬಾಗಿಲಲ್ಲಿ ಮಗು ಸೊಂಟ ಬದಲಿಸಿತು. ಮೇಜು ವಾಪಸು ಸಿಕ್ಕಿದ್ದನ್ನು ಅವಳು ಮಗಳಿಗೆ ಹೇಳಿದಳು. ಮಗಳು ಖುಷಿಗೆ ಅಮ್ಮನ ಕೆನ್ನೆ ಹಿಂಡಿ ಕೆಲಸಕ್ಕೆ ಓಡಿದಳು. ಹಲಗೆಯ ಸದ್ದು ಎರಡಕ್ಕೆ ಹತ್ತು ನಿಮಿಷ ಇರುವಾಗ ಶುರುವಾಯಿತು. ಟೈಲರ್ ಅಂಗಿಗೆ ಕಾಜ ಹೊಲಿಯುತ್ತ ಕುಳಿತಿದ್ದ. ಹಿಂದಿನ ಮೂರು ವಾರವೂ ಅವನು ಗೋಡೆಯಾಚೆ ಕಿವಿಯಿಟ್ಟು ಕೇಳುತ್ತಿದ್ದ, ದಿನದಿನಕ್ಕೆ ಕಡಿಮೆಯಾಗುತ್ತಿದ್ದದ್ದು ಅವನಿಗೂ ಗೊತ್ತಿತ್ತು. ಆ ದಿನ ಏಳೆಂಟು ನಿಮಿಷಕ್ಕೆ ಸದ್ದು ನಿಧಾನವಾಗುತ್ತ ಬಂತು. ಇನ್ನೇನು ನಿಂತೇಬಿಡುತ್ತದೆ ಎಂದುಕೊಂಡು ಸೂಜಿ ಕೆಳಗಿಟ್ಟ. ಆಗ ಬಾಗಿಲು ಕಿರುಗುಟ್ಟಿತು. ಟಕ್, ಟಕ್ ಎನ್ನುತ್ತಿದ್ದದ್ದು ಮೆತ್ತಗೆ ದಪ್, ದಪ್ ಎನ್ನತೊಡಗಿತು. ಅಜ್ಜಿ ಮತ್ತೆ ಕೈ ಇಟ್ಟರು ಎಂದು ಅವನಿಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ನಾಲ್ಕು ಗಂಟೆಗೆ ಮಗು ಎದ್ದು ಅತ್ತಿತು. ಅಳು ನಿಲ್ಲದಿದ್ದಾಗ ಟೈಲರ್ ಬಾಗಿಲು ತಟ್ಟಿದ. ಆಮೇಲೆ ಒಡೆದ.

ಅವಳು ಮಂಚದ ಪಕ್ಕ ನೆಲದ ಮೇಲೆ ಕುಳಿತು, ಕಂಬಿಗಳಿಗೆ ಭುಜ ಒರಗಿಸಿದ್ದಳು. ಕೈ ಒಳಗೇ ಇತ್ತು. ಅದು ಬಲಗೈ. ಎಡಗೈಯನ್ನು ಮಡಿಲಲ್ಲಿ, ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದಳು. ಮಗಳಿಗೆ ಅದರ ಅರ್ಥ ಆಗಲಿಲ್ಲ, ಪುಸ್ತಕಕ್ಕೆ ಆಯಿತು. ಕಪ್ ನಿಲ್ಲಬೇಕಾದದ್ದು ಎಡಗೈಯ ಬೆರಳ ಮೇಲೆ. ನಾಳೆ ಬೆಳಿಗ್ಗೆ ಆರಕ್ಕೆ ಆ ಕೈ ಊದಿರಬಾರದಿತ್ತು. ಆದ್ದರಿಂದ ಅವಳು ಇಷ್ಟು ವರ್ಷ ಕಾಪಾಡಿಕೊಂಡ ಬಲಗೈಯನ್ನು ಕಂಬಿಗಳ ನಡುವೆ ತೂರಿಸಿ, ಬೆರಳುಗಳನ್ನು ಅಗಲ ಮಾಡಿ, ಹಲಗೆಗೂ ಆ ಹಣೆಗೂ ನಡುವೆ ಹಿಡಿದಳು.